ಓವರ್‌ಹೆಡ್ ಟ್ಯಾಂಕಿನ ಪಾಚಿ ನಿವಾರಣೆ ಮತ್ತು ಕ್ಲೋರಿನ್ ಪ್ರಮಾಣದ ಲೆಕ್ಕ

ಕುಡಿಯುವ ನೀರಿನ ಟ್ಯಾಂಕಿನಲ್ಲಿ ಪಾಚಿ ಕಟ್ಟಿದೆ ಎಂಬ ದೂರು ಬಂದೊಡನೆ ಸಾಮಾನ್ಯವಾಗಿ ಬ್ಲೀಚಿಂಗ್ ಪೌಡರಿನ ಪ್ರಮಾಣವನ್ನು ಹೆಚ್ಚಿಸಲಾಗುತ್ತದೆ. ಕೆಲವು ದಿನ ನೀರು ಕಟುವಾಸನೆ ಬೀರುತ್ತದೆ; ಬಳಿಕ ಪಾಚಿ ಮರಳಿ ಬರುತ್ತದೆ. ಪೌಡರು ಪಾಚಿಯನ್ನು ಕೊಲ್ಲಬಲ್ಲದು, ಆದರೆ ಅದರ ಬೆಳವಣಿಗೆಯ ಕಾರಣವನ್ನು ನಿವಾರಿಸಲಾರದು. ಕುಡಿಯುವ ನೀರಿನ ಪೂರೈಕೆಯು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದನ್ವಯ ಗ್ರಾಮ ಪಂಚಾಯತಿಯ ಪ್ರಕಾರ್ಯವಾಗಿರುವುದರಿಂದ, ಈ ವಿಷಯದ ಮೂಲಾಂಶಗಳನ್ನು ಸದಸ್ಯರು ಅರಿತಿರುವುದು ಅವಶ್ಯ.

1. ಪಾಚಿ ಬೆಳೆಯಲು ಕಾರಣ

ಪಾಚಿಯು ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಜೀವಿ. ನೀರಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಅಂಶಗಳಿದ್ದರೂ ಕತ್ತಲೆಯಲ್ಲಿ ಅದು ಬೆಳೆಯಲಾರದು. ಆದ್ದರಿಂದ ಪಾಚಿ ಕಂಡಲ್ಲಿ ಮೊದಲು ಪರಿಶೀಲಿಸಬೇಕಾದುದು ಟ್ಯಾಂಕಿನ ಮುಚ್ಚಳ. ಮುಚ್ಚಳ ಒಡೆದಿರುವುದು, ಗಾಳಿಕೊಳವೆಯ ಜಾಲರಿ ಕಿತ್ತಿರುವುದು, ಚಾವಣಿ ಬಿರುಕು ಬಿಟ್ಟಿರುವುದು, ಕಿರು ಟ್ಯಾಂಕುಗಳ ಪ್ಲಾಸ್ಟಿಕ್ ಗೋಡೆಯ ಮೂಲಕ ಬೆಳಕು ಹಾಯುವುದು ಇದರ ಕಾರಣಗಳಾಗಿರಬಹುದು. ಬೆಳಕು ಬರುವ ದಾರಿಯಲ್ಲೇ ಹಕ್ಕಿಯ ಹಿಕ್ಕೆಯೂ ಹುಳಹುಪ್ಪಟೆಯೂ ನೀರನ್ನು ಸೇರುತ್ತವೆ.

2. ಪಾಚಿಯಿಂದಾಗುವ ಎರಡು ನಷ್ಟಗಳು

ಮೊದಲನೆಯದಾಗಿ, ಪಾಚಿ ಮತ್ತು ಕೆಸರು ಕ್ಲೋರಿನನ್ನು ಹೀರಿಕೊಳ್ಳುತ್ತವೆ; ರೋಗಾಣುಗಳನ್ನು ಕೊಲ್ಲಲು ಉಳಿಯುವುದು ಅತ್ಯಲ್ಪ. ಎರಡನೆಯದಾಗಿ, ಹಗಲಿನಲ್ಲಿ ಪಾಚಿಯು ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಬಳಸುವುದರಿಂದ ನೀರಿನ ಪಿಎಚ್ ಏರುತ್ತದೆ. ಪಿಎಚ್ 7.5 ಇದ್ದಾಗ ಕ್ಲೋರಿನ್‌ನ ಸುಮಾರು ಅರ್ಧಭಾಗವು ರೋಗಾಣುಗಳನ್ನು ಬೇಗನೆ ಕೊಲ್ಲುವ ರೂಪದಲ್ಲಿರುತ್ತದೆ, 8.5 ತಲುಪಿದಾಗ ಆ ಪಾಲು ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಪೌಡರು ಹಾಕಿದ ದಾಖಲೆ ಪುಸ್ತಕದಲ್ಲಿದ್ದರೂ ನೀರು ಅಸುರಕ್ಷಿತವಾಗಿರಲು ಸಾಧ್ಯವಿದೆ.

3. ಸ್ವಚ್ಛಗೊಳಿಸುವ ಕ್ರಮ

ಪಾಚಿ ತುಂಬಿದ ನೀರಿಗೆ ಹೆಚ್ಚು ಕ್ಲೋರಿನ್ ಬೆರೆಸಿ ಅದನ್ನೇ ಪೂರೈಸುವುದು ಸರಿಯಲ್ಲ. ಕೆಲವು ಬಗೆಯ ನೀಲಿ-ಹಸಿರು ಪಾಚಿಗಳು ಸತ್ತಾಗ ವಿಷವಸ್ತುಗಳನ್ನು ನೀರಿಗೆ ಬಿಡುತ್ತವೆ. ಕುದಿಸುವುದರಿಂದ ಅವು ನಾಶವಾಗುವುದಿಲ್ಲ. ಆದುದರಿಂದ:

ಅ) ಪೂರೈಕೆ ನಿಲ್ಲಿಸಿ, ಗ್ರಾಮಸ್ಥರಿಗೆ ಮುಂಚಿತವಾಗಿ ತಿಳಿಸಿ, ಟ್ಯಾಂಕನ್ನು ಪೂರ್ಣ ಖಾಲಿ ಮಾಡಬೇಕು.

ಆ) ಗೋಡೆ ಮತ್ತು ತಳವನ್ನು ಬ್ರಷ್‌ನಿಂದ ಉಜ್ಜಿ, ಕೆಸರನ್ನು ಹೊರತೆಗೆದು ತೊಳೆಯಬೇಕು.

ಇ) 100 ಲೀಟರ್ ನೀರಿಗೆ ಶೇ. 25 ಕ್ಲೋರಿನ್ ಇರುವ 80 ಗ್ರಾಂ ಪೌಡರಿನ ತಿಳಿದ್ರಾವಣ ಬೆರೆಸಿದರೆ ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್ ದೊರೆಯುತ್ತದೆ. ಇದನ್ನು ಗೋಡೆಗಳಿಗೆ ಬಳಿದು, 30 ನಿಮಿಷ ಬಿಟ್ಟು, ಮತ್ತೆ ತೊಳೆದು ಹೊರಬಿಡಬೇಕು. ಈ ನೀರು ಕೆರೆ ಅಥವಾ ಬಾವಿಯನ್ನು ಸೇರಕೂಡದು.

ಈ) ಮುಚ್ಚಳ ಮತ್ತು ಜಾಲರಿಯನ್ನು ದುರಸ್ತಿಪಡಿಸಿದ ನಂತರವೇ ಟ್ಯಾಂಕನ್ನು ತುಂಬಿಸಬೇಕು.

ಮುಚ್ಚಿದ ಟ್ಯಾಂಕಿನೊಳಗೆ ಆಮ್ಲಜನಕ ಕಡಿಮೆಯಿರಬಹುದು. ಕ್ಲೋರಿನ್ ಅನಿಲವೂ ಸಂಗ್ರಹವಾಗಬಹುದು. ಎಲ್ಲ ಮುಚ್ಚಳಗಳನ್ನು ತೆರೆದು ಗಾಳಿಯಾಡಲು ಬಿಡದೆ ಯಾರನ್ನೂ ಒಳಗಿಳಿಸಬಾರದು. ನೀರುಗಂಟಿಯನ್ನು ಒಬ್ಬನೇ ಇಳಿಸಕೂಡದು. ಸೊಂಟಕ್ಕೆ ಹಗ್ಗ, ಕೈಗವಸು, ಬೂಟು ಇರಬೇಕು ಹಾಗೂ ಮೇಲೆ ಇನ್ನೊಬ್ಬರು ನಿಂತಿರಬೇಕು. ಬ್ಲೀಚಿಂಗ್ ಪೌಡರಿನೊಂದಿಗೆ ಆಸಿಡ್ ಎಂದಿಗೂ ಬೆರೆಸಬಾರದು. ಪ್ರಾಣಾಪಾಯಕಾರಿ ಅನಿಲ ಹೊರಬರುತ್ತದೆ.

4. ದೈನಂದಿನ ಪ್ರಮಾಣದ ಲೆಕ್ಕ

ಉದಾಹರಣೆಗೆ, 50,000 ಲೀಟರ್ ಸಾಮರ್ಥ್ಯದ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಕ್ಲೋರಿನ್ ಬೇಕೆಂದಿಟ್ಟುಕೊಳ್ಳೋಣ. ಒಟ್ಟು ಅಗತ್ಯ 100 ಗ್ರಾಂ ಕ್ಲೋರಿನ್. ಪೌಡರಿನಲ್ಲಿ ಶೇ. 25 ಕ್ಲೋರಿನ್ ಇದ್ದರೆ 400 ಗ್ರಾಂ ಪೌಡರು ಸಾಕು. ಅದೇ ಪೌಡರು ತೇವ ಮತ್ತು ಬಿಸಿಲಿಗೆ ಸಿಕ್ಕಿ ಶೇ. 15ಕ್ಕೆ ಇಳಿದಿದ್ದರೆ, 400 ಗ್ರಾಂನಿಂದ ದೊರೆಯುವುದು 60 ಗ್ರಾಂ ಕ್ಲೋರಿನ್ ಮಾತ್ರ. ಅಗತ್ಯವನ್ನು ಪೂರೈಸಲು ಸುಮಾರು 667 ಗ್ರಾಂ ಬೇಕಾಗುತ್ತದೆ. ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ಪೌಡರು ಹಣದ ನಷ್ಟ ಮಾತ್ರವಲ್ಲ, ಆರೋಗ್ಯದ ನಷ್ಟವೂ ಹೌದು.

ಪೌಡರನ್ನು ನೇರವಾಗಿ ಟ್ಯಾಂಕಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬೆರೆಸಬೇಕು. ಕನಿಷ್ಠ 30 ನಿಮಿಷಗಳ ನಂತರವೇ ನೀರು ಬಿಡಬೇಕು.

5. ಪರೀಕ್ಷೆ ಎಲ್ಲಿ?

ಮೇಲಿನ 2 ಮಿಲಿಗ್ರಾಂ ಎಲ್ಲ ಊರುಗಳಿಗೂ ಅನ್ವಯಿಸುವ ಅಂಕಿಯಲ್ಲ. ಸರಿಯಾದ ಪ್ರಮಾಣವನ್ನು ನಿರ್ಧರಿಸುವುದು ಕೊನೆಯ ನಲ್ಲಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಹಾಗೂ ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ಟ್ಯಾಂಕಿನಿಂದ ಅತಿ ದೂರದ ಮನೆಯ ನಲ್ಲಿಯಲ್ಲಿ ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಅಳೆದು, ಕಡಿಮೆಯಿದ್ದರೆ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಹೆಚ್ಚಿಸಿದರೂ ಅಂಕಿ ಏರದಿದ್ದಲ್ಲಿ ಟ್ಯಾಂಕಿನ ಕೆಸರು, ಪೈಪಿನ ಸೋರಿಕೆ ಹಾಗೂ ಪೌಡರಿನ ಗುಣಮಟ್ಟವನ್ನು ಪರಿಶೀಲಿಸಬೇಕು.

6. ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

• ತಮ್ಮ ವಾರ್ಡಿನ ಪ್ರತಿ ಟ್ಯಾಂಕಿಗೂ ಭದ್ರವಾದ ಮುಚ್ಚಳ ಮತ್ತು ಜಾಲರಿ ಇದೆಯೇ?
• ಕೊನೆಯ ಬಾರಿ ಸ್ವಚ್ಛಗೊಳಿಸಿದ ದಿನಾಂಕವನ್ನು ಟ್ಯಾಂಕಿನ ಮೇಲೆ ಬರೆಸಲಾಗಿದೆಯೇ?
• ದಾಸ್ತಾನಿನಲ್ಲಿರುವ ಪೌಡರಿನ ತಯಾರಿಕೆಯ ದಿನಾಂಕ ಯಾವುದು? ಅದನ್ನು ಎಲ್ಲಿ ಇಡಲಾಗಿದೆ?
• ಕೊನೆಯ ನಲ್ಲಿಯ ಉಳಿಕೆ ಕ್ಲೋರಿನ್ ಅಂಕಿಯನ್ನು ಯಾವ ಪುಸ್ತಕದಲ್ಲಿ ದಾಖಲಿಸಲಾಗುತ್ತಿದೆ?
• ಟ್ಯಾಂಕಿಗೆ ಇಳಿಯುವ ಸಿಬ್ಬಂದಿಗೆ ಹಗ್ಗ, ಕೈಗವಸು, ಬೂಟು ಒದಗಿಸಲಾಗಿದೆಯೇ?

ಇವುಗಳಲ್ಲಿ ಮೊದಲನೆಯ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದಲ್ಲಿ, ಪೌಡರು ಖರೀದಿಗೆ ಮುನ್ನ ಮುಚ್ಚಳದ ದುರಸ್ತಿಗೆ ಅನುಮೋದನೆ ನೀಡುವುದು ಸೂಕ್ತ.