ಉಳಿದ ತೊಂಬತ್ತೊಂಬತ್ತು

ಒಂದನೇ ತರಗತಿಗೆ ಹೊಸದಾಗಿ ಬಂದ ಟೀಚರಿಗೆ,

ಕರಾವಳಿಯ ಕ್ರೈಸ್ತ ಪ್ರಾಥಮಿಕ ಶಾಲೆಗಳಲ್ಲಿ ಒಂದನೇ ತರಗತಿ ಶುರುವಾಗುವುದು ಮಳೆಯ ಜೊತೆಗೆ. ಜೂನ್ ಮೊದಲ ವಾರ ಜಗಲಿಯಲ್ಲಿ ಸಾಲಾಗಿ ನೇತುಹಾಕಿದ ಕೊಡೆಗಳಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಹೊಸ ಬ್ಯಾಗಿನೊಳಗೆ ಪುಸ್ತಕದ ಅಂಚು ಒದ್ದೆಯಾಗಿರುತ್ತದೆ, ಮೂವರಲ್ಲಿ ಒಬ್ಬರು ಅಳುತ್ತಿರುತ್ತಾರೆ. ಶಾಲೆ ಚರ್ಚಿನದ್ದಾದರೂ ಬೆಂಚಿನಲ್ಲಿ ಕೂತವರು ಊರಿನ ಎಲ್ಲ ಮನೆಗಳವರು. ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆಯ ಮಗು, ತುಳು ಮನೆಯದ್ದು, ಬ್ಯಾರಿ ಮನೆಯದ್ದು, ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರದ್ದು. ಕನ್ನಡ ಮಾಧ್ಯಮದ ತರಗತಿಯಲ್ಲಿ ಕನ್ನಡವೇ ಮನೆಮಾತಾಗಿರುವುದು ಎಷ್ಟೋ ಸಲ ಆ ಕೊನೆಯ ಮಗುವಿಗೆ ಮಾತ್ರ. ಅದರ ಕನ್ನಡ ಕೇಳಿ ನಗುವವರು ಉಳಿದವರೆಲ್ಲ.

ಇದು ಇವತ್ತಿನ ತೊಡಕಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಕೆಲವೇ ವರ್ಷಗಳಲ್ಲಿ ಶಾಲೆ ತೆರೆದಾಗಲೂ ಮನೆಯ ಮಾತು ಒಂದು, ಸ್ಲೇಟಿನ ಮೇಲಿನ ಅಕ್ಷರ ಇನ್ನೊಂದು. ಅವರು ತುಳುವನ್ನು ಅಚ್ಚು ಹಾಕಿದ್ದೂ ಕನ್ನಡ ಲಿಪಿಯಲ್ಲೇ. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ (1843), ಕಿಟೆಲರ ನಿಘಂಟು (1894) ಎಂದು ಮಿಶನ್ ಶಾಲೆಗಳ ವಾರ್ಷಿಕೋತ್ಸವದ ಭಾಷಣಗಳಲ್ಲಿ ಕೇಳಿಬರುತ್ತದೆ. ಆದರೆ ಆ ವಿದೇಶೀಯರು ಮೊದಲು ಮಾಡಿದ ಕೆಲಸ ಊರಿನ ಮಾತು ಕಲಿತದ್ದು ಎಂಬುದನ್ನು ಭಾಷಣ ಮಾಡುವವರು ಅಷ್ಟಾಗಿ ಎತ್ತುವುದಿಲ್ಲ. ಒಂದನೇ ತರಗತಿಯ ಟೀಚರಿಗೂ ಮೊದಲ ತಿಂಗಳ ಕೆಲಸ ಅದೇ. ತುಳುವಿನಲ್ಲಿ ಹತ್ತು, ಕೊಂಕಣಿಯಲ್ಲಿ ಹತ್ತು, ಬ್ಯಾರಿಯಲ್ಲಿ ಹತ್ತು ಮಾತು ಬಂದರೆ ಸಾಕು: ಹಸಿವು, ನೀರು, ನೋವು, ಹೆದರಿಕೆ, ಮೂತ್ರ. ಇಂಗ್ಲಿಷಿನಲ್ಲಿ ಕೇಳಿದರೆ ಮಾತ್ರ ಹೊರಗೆ ಬಿಡುವುದು ಎಂಬ ನಿಯಮವಿರುವ ತರಗತಿಯಲ್ಲಿ ಮಗು ಇಂಗ್ಲಿಷು ಕಲಿಯುವ ಮೊದಲೇ ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ. ಆಮೇಲೆ ಒಂದು ವಾರ ಬಾಯೇ ಬಿಡುವುದಿಲ್ಲ. ಮಾತೃಭಾಷಾ ಮಾಧ್ಯಮವನ್ನು ಸರಕಾರ ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ಹೇಳಿತು. ಹಾಗಾಗಿ ಮಾಧ್ಯಮ ಯಾವುದೆಂಬುದು ಸಂಚಾಲಕರೂ ಹೆತ್ತವರೂ ತೀರ್ಮಾನಿಸುವ ಸಂಗತಿ. ತರಗತಿಯೊಳಗೆ ಮಗುವಿನ ಮಾತಿಗೆ ಕಿವಿಗೊಡುವುದು ಮಾತ್ರ ಟೀಚರ ಕೈಯಲ್ಲೇ ಉಳಿದಿದೆ.

ಅಕ್ಷರದ ವಿಷಯಕ್ಕೆ ಬಂದರೆ, ಹೆತ್ತವರು ಬಯಸುವುದು ಅ ಆ ಇ ಈ. ವರ್ಣಮಾಲೆಯ 49 ಅಕ್ಷರಗಳನ್ನು ನೆಂಟರ ಮುಂದೆ ರಾಗವಾಗಿ ಒಪ್ಪಿಸುವ ಮಗು ಬಸ್ಸಿನ ಬೋರ್ಡಿನ ಒಂದು ಪದವನ್ನೂ ಓದಲಾರದೆ ನಿಲ್ಲುವುದುಂಟು. ಅದಕ್ಕೇ ಕರ್ನಾಟಕದ ಶಾಲೆಗಳಲ್ಲಿ ‘ರ ಗ ಸ ದ ಅ’ ಎಂಬ ಕ್ರಮ ಬಳಕೆಗೆ ಬಂತು. ಕೈ ತಿರುಗುವುದಕ್ಕೆ ಸುಲಭವಾದ, ಒಂದನ್ನೊಂದು ಹೋಲುವ ಅಕ್ಷರಗಳು ಮೊದಲು. ಈ ಐದು ಬಂದರೆ ಸರ, ದರ, ಅರಸ, ಅಗಸ, ಗದಗ, ಗರಗಸ ಎಲ್ಲವೂ ಓದಿಗೆ ಸಿಗುತ್ತವೆ. ‘ಗರಗಸ’ವನ್ನು ಬೆರಳಿಟ್ಟು ಓದಿ, ಓದಿದ್ದು ಬಡಗಿಯ ಕೈಯಲ್ಲಿರುವ ಆ ವಸ್ತುವೇ ಎಂದು ಹೊಳೆದಾಗ ಆರು ವರ್ಷದ ಮಗುವಿನ ಮುಖ ನೋಡಬೇಕು. ಮುಂದಿನ ಐದು, ‘ಜ ವ ಮ ಬ ನ’, ಸೇರಿದರೆ ಮರ, ವನ, ಜನ, ಬಸವ ಬಂದುಬಿಡುತ್ತಾರೆ.

ತೊಡಕು ಕಾಗುಣಿತದಲ್ಲಿದೆ. ಇಳಿ, ಗುಡಿಸು, ಕೊಂಬು, ಏತ್ವ, ಒತ್ವ, ಅದರ ಮೇಲೆ ದೀರ್ಘ, ಸಾಲದ್ದಕ್ಕೆ ಒತ್ತಕ್ಷರ. ಕ್ರೈಸ್ತ ಶಾಲೆಯ ಹಾಜರಿ ಪುಸ್ತಕದಲ್ಲಿ ಇದಕ್ಕೊಂದು ವಿಶೇಷ ಫಜೀತಿ ಇದೆ. ಗಗನ, ಅಜಯ ಎಂಬ ಹೆಸರಿನವರು ಬಹುಬೇಗ ತಮ್ಮ ಹೆಸರು ಬರೆದುಕೊಳ್ಳುತ್ತಾರೆ. ಕ್ರಿಸ್ಟೋಫರ್, ಫ್ರಾನ್ಸಿಸ್, ಪ್ರಿಸಿಲ್ಲಾ ಎಂಬವರಿಗೆ ಹೆಸರಿನ ಮೊದಲ ಅಕ್ಷರದಲ್ಲೇ ಗುಡಿಸೋ ಇಳಿಯೋ ಒಂದು, ಕೆಳಗೆ ರ-ಒತ್ತು ಇನ್ನೊಂದು. ಪಾಠದ ಕ್ರಮದಲ್ಲೇ ಹೋದರೆ ಆ ಮಗು ತನ್ನ ಹೆಸರಿಗೆ ತಲುಪುವುದು ಎಲ್ಲರಿಗಿಂತ ಕೊನೆಗೆ. ಇಂಥವರಿಗೆ ಹೆಸರನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದು, ಚಿತ್ರವನ್ನು ಗುರುತಿಸುವ ಹಾಗೆ ಗುರುತಿಸಲು ಬಿಡುವುದು ಲೇಸು. ಒಡೆದು ಓದುವುದು ಆಮೇಲಾದರೂ ಆದೀತು.

ಲೆಕ್ಕದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹುಣಸೆ ಬೀಜ, ಹತ್ತರ ಕಟ್ಟು ಕಟ್ಟಿದ ತೆಂಗಿನ ಕಡ್ಡಿ, ಇಷ್ಟು ಸಾಕು. (ನೋಡಲು ಚೆಂದವೆಂದು ಗುಲಗಂಜಿ ತರುವುದು ಬೇಡ; ಅದರ ಬೀಜ ವಿಷ, ಈ ವಯಸ್ಸಿನವರು ಎಲ್ಲವನ್ನೂ ಬಾಯಿಗೆ ಹಾಕುತ್ತಾರೆ.) ಇಂಗ್ಲಿಷ್ ಮಾಧ್ಯಮದಲ್ಲಿ ಥರ್ಟೀನ್ ಮತ್ತು ಥರ್ಟಿ ಕಿವಿಗೆ ಒಂದೇ ಆಗಿ ಕೇಳಿ ಮಕ್ಕಳು ತಪ್ಪುವಾಗ, ‘ಹದಿಮೂರು’, ‘ಮೂವತ್ತು’ ಎಂದು ಕನ್ನಡದಲ್ಲಿ ಒಮ್ಮೆ ಹೇಳಿದರೆ ಮಂಜು ಹರಿಯುತ್ತದೆ.

ದಿನ ಆರಂಭವಾಗುವುದು ಗಂಟೆ, ಪ್ರಾರ್ಥನೆ, ನಾಡಗೀತೆಯಿಂದ. ವೇಳಾಪಟ್ಟಿಯಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ, ಅದೇ ಪೀರಿಯಡಿನಲ್ಲಿ ಉಳಿದವರಿಗೆ ನೀತಿಪಾಠ ಇಡುವುದು ಹಳೆಯ ರೂಢಿ. ಇದರ ಹಿಂದೆ ಸಂವಿಧಾನವಿದೆ. 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೂ ಉಪಾಸನೆಗೂ ಕೂರಿಸುವಂತಿಲ್ಲ, ಅಪ್ರಾಪ್ತ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು ಎಂದು 28(3)ನೇ ವಿಧಿ ಹೇಳುತ್ತದೆ. ಎರಡೂ ಒಂದೇ ಶಾಲೆಯ ಬಾಗಿಲಿನ ಎರಡು ರೆಕ್ಕೆ. ಆರು ವರ್ಷದ ಮಗು ಟೀಚರು ಕೈ ಮುಗಿದರೆ ಕೈ ಮುಗಿಯುತ್ತದೆ, ಶಿಲುಬೆಯ ಗುರುತು ಹಾಕಿದರೆ ಅದನ್ನೂ ಹಾಕುತ್ತದೆ. ಅದನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ. ಪಕ್ಕದವಳು ಹಾಗೆ ಮಾಡುವಾಗ ಸುಮ್ಮನೆ ನಿಂತಿರಬಹುದು ಎಂದು ಮೊದಲೇ ತಿಳಿಸಿದರೆ ಮಗುವಿಗೂ ಮನೆಯವರಿಗೂ ನೆಮ್ಮದಿ.

ಕತೆಗಳಿಗೆ ಮಾತ್ರ ಇಂಥ ಗೋಡೆ ಅಷ್ಟಾಗಿ ಇಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕುರಿಯ ಕತೆಯನ್ನು ಎಲ್ಲ ಮನೆಯ ಮಕ್ಕಳೂ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಳ್ಳುತ್ತದೆ, ಕುರುಬ ಉಳಿದವನ್ನು ಬಿಟ್ಟು ಅದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತರುತ್ತಾನೆ. ಕತೆ ಮುಗಿದ ಮೇಲೆ ಬರುವ ಪ್ರಶ್ನೆ ದೊಡ್ಡವರ ಪ್ರವಚನದಲ್ಲಿ ಬರುವಂಥದ್ದಲ್ಲ: ‘ಟೀಚರ್, ಬಾಕಿ ತೊಂಬತ್ತೊಂಬತ್ತನ್ನು ನೋಡಿಕೊಂಡದ್ದು ಯಾರು? ನರಿ ಬರಲಿಲ್ಲವಾ?’

ಒಂದನೇ ತರಗತಿಯ ಇಡೀ ಕಷ್ಟ ಈ ಪ್ರಶ್ನೆಯೊಳಗಿದೆ. ನಲವತ್ತು ಮಕ್ಕಳಲ್ಲಿ ಒಬ್ಬನಿಗೆ ‘ದ’ ಮತ್ತು ‘ಅ’ ಬೇರೆಯಾಗಿ ಕಾಣುತ್ತಿಲ್ಲ. ಅವನ ಪಕ್ಕ ಕಾಲು ಗಂಟೆ ಕೂತರೆ ಉಳಿದ ಮೂವತ್ತೊಂಬತ್ತು ಮಂದಿ ಬೆಂಚು ಹತ್ತುತ್ತಾರೆ. ಕೂರದಿದ್ದರೆ ಅವನು ನಾಲ್ಕನೇ ತರಗತಿಯವರೆಗೂ ಹಾಗೇ ನಡೆದುಬಿಡುತ್ತಾನೆ.

ಇದಕ್ಕೊಂದು ಉತ್ತರ ಮದರಾಸಿನಲ್ಲಿ ಸಿಕ್ಕಿತ್ತು. ಆಂಗ್ಲಿಕನ್ ಪಾದ್ರಿ ಆಂಡ್ರೂ ಬೆಲ್ 1789ರಿಂದ ಅಲ್ಲಿನ ಎಗ್ಮೋರಿನ ಅನಾಥ ಬಾಲಕರ ಶಾಲೆ ನೋಡಿಕೊಳ್ಳುತ್ತಿದ್ದ. ಊರಿನ ಜಗಲಿ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿಂದ ಅಕ್ಷರ ತಿದ್ದುವುದನ್ನು ಕಂಡು, ತನ್ನ ಶಾಲೆಯ ಮೇಷ್ಟರುಗಳಿಗೆ ಹಾಗೇ ಕಲಿಸಲು ಹೇಳಿದ. ಅವರು ಆಗದು ಎಂದರು. ಬೆಲ್ ಆ ಕೆಲಸವನ್ನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಒಪ್ಪಿಸಿದ; ಮೇಷ್ಟರಿಗೆ ಆಗದ್ದು ಹುಡುಗನಿಂದ ಆಯಿತು. 1797ರಲ್ಲಿ ಬೆಲ್ ಇದನ್ನು ಪುಸ್ತಕ ಮಾಡಿದ ಮೇಲೆ ‘ಮದರಾಸ್ ಪದ್ಧತಿ’ ಇಂಗ್ಲೆಂಡಿನ ಚರ್ಚ್ ಶಾಲೆಗಳಿಗೆ ಹಬ್ಬಿತು. ಅಲ್ಲಿ ಅದು ನೂರಾರು ಮಕ್ಕಳನ್ನು ಅಗ್ಗದಲ್ಲಿ ಕವಾಯತು ಮಾಡಿಸುವ ಯಂತ್ರವಾದದ್ದು ಬೇರೆ ಕತೆ. ನಮ್ಮ ಹಳೆಯ ಕೂಲಿಮಠದ ಶಾಲೆಗಳಲ್ಲಿ ಮರಳೂ ಇತ್ತು, ಚಿಕ್ಕವನಿಗೆ ತಿದ್ದಿಸುವ ದೊಡ್ಡ ಹುಡುಗನೂ ಇದ್ದ. ನಮ್ಮ ಜಗಲಿಯದ್ದೇ ಪದ್ಧತಿ ಮದರಾಸಿನ ಹೆಸರು ಹೊತ್ತು ಹಡಗು ಹತ್ತಿತು ಎನ್ನಬೇಕು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ ಎಂಬ ಕಲಿಕೆಯ ಪದ್ಧತಿ ಸ್ಫೂರ್ತಿ ಪಡೆದದ್ದು ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ. ಅದರ ತರಗತಿಯಲ್ಲೂ ಒಂದು ಗುಂಪು ಟೀಚರ ಜೊತೆ, ಒಂದು ಗೆಳೆಯರ ಸಹಾಯದಲ್ಲಿ, ಒಂದು ತನ್ನಷ್ಟಕ್ಕೆ ತಾನೇ ಕಲಿಯುತ್ತದೆ. ಇದು ಸರಕಾರಿ ಶಾಲೆಯ ಪದ್ಧತಿ ಎಂದು ಮೂಗು ಮುರಿಯುವ ಖಾಸಗಿ ಆಡಳಿತಗಳಿವೆ. ಮೂಗು ಮುರಿಯಲಿ, ಒಂದು ತಟ್ಟೆ ಮರಳಿಗೂ ಜೋಡಿಗಳನ್ನು ಕೂರಿಸುವುದಕ್ಕೂ ಆಡಳಿತದ ಅಪ್ಪಣೆ ಬೇಕಾಗಿಲ್ಲ. ಜೋಡಿಯನ್ನು ಮಾತ್ರ ಎಚ್ಚರದಿಂದ ಆರಿಸಬೇಕು. ತರಗತಿಯ ಅತಿ ಜಾಣೆ ಚೆನ್ನಾಗಿ ಕಲಿಸುವವಳಲ್ಲ, ಅವಳಿಗೆ ತಾಳ್ಮೆ ಕಡಿಮೆ. ಹೋದ ತಿಂಗಳಷ್ಟೇ ‘ದ’ ಕಲಿತವನು, ತಾನು ಎಲ್ಲಿ ಎಡವಿದ್ದೆ ಎಂದು ಇನ್ನೂ ನೆನಪಿರುವವನು, ಒಳ್ಳೆಯ ಕಲಿಸುಗ.

ಬೆತ್ತದ ವಿಷಯ. ಶಿಕ್ಷಣ ಹಕ್ಕು ಕಾಯಿದೆಯ (2009) 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಈ ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದದ್ದು ಸುಪ್ರೀಂ ಕೋರ್ಟಿನ ಪ್ರಮತಿ ಪ್ರಕರಣದ ತೀರ್ಪು; ಅದೂ ಮಾಧ್ಯಮದ ತೀರ್ಪು ಬಂದ 2014ರ ಮೇ 6ರದ್ದೇ. ಆ ತೀರ್ಪನ್ನು ಸ್ಟಾಫ್ ರೂಮಿನಲ್ಲಿ ಬೆತ್ತಕ್ಕೆ ಸಿಕ್ಕ ರಜಾಚೀಟಿಯಂತೆ ಓದಿದವರೂ ಇದ್ದಾರೆ. ಕುರುಬ ಕುರಿಯನ್ನು ಹೊತ್ತು ತಂದ ಕತೆಯನ್ನು ಎರಡನೇ ಪೀರಿಯಡಿನಲ್ಲಿ ಹೇಳಿ ಮೂರನೆಯದರಲ್ಲಿ ಕಿವಿ ಹಿಂಡಿದರೆ, ಮಕ್ಕಳು ನೆನಪಿಟ್ಟುಕೊಳ್ಳುವುದು ಮೂರನೆಯದನ್ನು.

ಆಗಸ್ಟ್ ಕೊನೆಗೆ ಮೊಂತಿ ಹಬ್ಬದ ಹೂವಿನ ದಿನಗಳು ಬರುತ್ತವೆ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನ ಜನ್ಮದಿನಕ್ಕೆ ಮುಂಚಿನ ಒಂಬತ್ತು ದಿನ ಕ್ಯಾಥೊಲಿಕ್ ಮಕ್ಕಳು ಬುಟ್ಟಿಯಲ್ಲಿ ಹೂ ತರುತ್ತಾರೆ, ಹಬ್ಬದ ದಿನ ಹೊಸ ತೆನೆ ಹಂಚುತ್ತಾರೆ. ಆ ದಿನಗಳಲ್ಲಿ ದಾಸವಾಳ ಎಷ್ಟು, ಗೊಂಡೆ ಎಷ್ಟು ಎಂದು ಎಣಿಸಿದರೆ ಲೆಕ್ಕದ ಪಾಠ. ತೆನೆಯ ಮಾತು ಬಂದಾಗ, ತಮ್ಮ ಮನೆಯಲ್ಲೂ ತೆನೆ ಕಟ್ಟುವುದುಂಟು ಎಂದು ತುಳು ಮನೆಯ ಮಕ್ಕಳು ಎದ್ದು ನಿಲ್ಲುತ್ತಾರೆ.

ಮಾರ್ಚಿನಲ್ಲಿ ಅಂಕಪಟ್ಟಿಯ ಜೊತೆಗೆ ಎರಡನೇ ತರಗತಿಯ ಟೀಚರಿಗೆ ಒಂದು ನೂರು ಪುಟದ ಪುಸ್ತಕವೂ ಹೋಗಬೇಕು: ಮಗುವಿಗೊಂದು ಪುಟ. ಯಾವ ಒತ್ತಕ್ಷರದಲ್ಲಿ ತಪ್ಪುತ್ತದೆ, ಯಾರ ಪಕ್ಕ ಕೂರಿಸಿದರೆ ಓದುತ್ತದೆ, ಮನೆಯಲ್ಲಿ ಓದಿ ಹೇಳುವವರು ಯಾರಾದರೂ ಇದ್ದಾರೆಯೇ, ಬೋರ್ಡು ನೋಡುವಾಗ ಕಣ್ಣು ಕಿರಿದು ಮಾಡುತ್ತದೆಯೇ. ಅದನ್ನು ಬರೆಯಲು ಎರಡು ಸಂಜೆ ಸಾಕು.

ಇತಿ,
ಅದೇ ತರಗತಿಯಿಂದ ನಿವೃತ್ತರಾದ ಹಿರಿಯ ಟೀಚರು