ಬ್ಯಾಟರಿಯದ್ದೋ, ಡೈನಮೋದ್ದೋ?

ಮಗ ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾನೆ, ಕಾರು ಊರಿನ ಶೆಡ್ಡಿನಲ್ಲಿರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಇಂಥ ಮನೆಗಳು ಎಷ್ಟೋ. ಆಟಿ ತಿಂಗಳಿಡೀ ನಿಂತಿದ್ದ ಗಾಡಿಗೆ ಕೀ ತಿರುಗಿಸಿದರೆ ಬರೀ ಟಕ್ ಟಕ್. ‘ಬ್ಯಾಟರಿ ಹೋಯ್ತು’ ಅನ್ನುತ್ತಾರೆ, ಹೊಸದು ಬರುತ್ತದೆ. ನಾಲ್ಕು ದಿನದಲ್ಲಿ ಅದೂ ಮಲಗಿದರೆ? ಅಂಗಡಿಗೆ ಹೋಗುವ ಮೊದಲು ಅಳೆದು ನೋಡಲು ಕಲಿಯೋಣ. ಸಾದಾ ಮಲ್ಟಿಮೀಟರ್ ಒಂದಿದ್ದರೆ ಸಾಕು.

ಬ್ಯಾಟರಿ ಅಡಿಕೆ ತೋಟದ ನೀರಿನ ಟ್ಯಾಂಕಿ ಇದ್ದಂತೆ. ಅದನ್ನು ತುಂಬಿಸುವ ಪಂಪು ಆಲ್ಟರ್ನೇಟರ್, ಗ್ಯಾರೇಜಿನ ಹಳಬರ ಬಾಯಲ್ಲಿ ಡೈನಮೋ. ಟ್ಯಾಂಕಿ ಖಾಲಿ ಎಂದಮಾತ್ರಕ್ಕೆ ಅದು ಒಡೆದಿದೆ ಎಂದಲ್ಲ.

ಮೊದಲು ಕಿವಿಗೊಡಿ. ದೀಪಗಳು ಮಂಕಾಗಿ ಟಕ್ ಟಕ್ ಬಂದರೆ ಕರೆಂಟು ಸಾಲುತ್ತಿಲ್ಲ. ದೀಪ ಚೆನ್ನಾಗಿ ಉರಿಯುತ್ತಲೇ ಇದ್ದು, ಒಂದೇ ಸಲ ‘ಟಕ್’ ಎಂದು ಸುಮ್ಮನಾದರೆ ಅನುಮಾನ ಸೆಲ್ಫ್ ಮೋಟಾರಿನ ಮೇಲೆ. ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಬ್ಯಾಟರಿಯನ್ನು ಬಯ್ಯಬೇಡಿ.

ಬಾನೆಟ್ ಎತ್ತಿ ಟರ್ಮಿನಲ್ ನೋಡಿ. ಬಿಳಿ, ಹಸಿರು ಪುಡಿ ಕೂತಿದ್ದರೆ, ಕ್ಲಾಂಪು ಕೈಗೆ ಅಲುಗಿದರೆ ರೋಗ ಅಲ್ಲೇ ಇರಬಹುದು. ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಇಲ್ಲದಿದ್ದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿ ಒರೆಸಿ.

ಈಗ ಮೀಟರು. ಡಿಸಿ 20 ವೋಲ್ಟಿಗೆ ತಿರುಗಿಸಿ. ಒಳಗೆ ಆರು ಕೋಶ, ಒಂದೊಂದಕ್ಕೂ ಸುಮಾರು 2.1 ವೋಲ್ಟ್, ಹಾಗಾಗಿ ಕೆಲವು ಗಂಟೆ ನಿಂತ, ತುಂಬಿದ ಬ್ಯಾಟರಿ 12.6 ತೋರಿಸುತ್ತದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿಯೇ ಮುಂದಿನ ಮಾತು. ಇನ್ನೊಬ್ಬರು ಕೀ ತಿರುಗಿಸುವಾಗ ಮುಳ್ಳೋ ಅಂಕಿಯೋ 9.6ರ ಕೆಳಗೆ ಬಿದ್ದರೆ, ತುಂಬಿದ್ದರೂ ಬ್ಯಾಟರಿಗೆ ಶಕ್ತಿಯಿಲ್ಲ, ಬದಲಿಸಿ.

ಎಂಜಿನ್ ಹಿಡಿದ ಮೇಲೆ 13.8ರಿಂದ 14.5 ಬರಬೇಕು. ಹೆಡ್‌ಲೈಟ್, ವೈಪರ್, ಫ್ಯಾನ್ ಎಲ್ಲ ಹಾಕಿಯೂ ಹೆಚ್ಚು ಇಳಿಯಬಾರದು. 12.5ರಲ್ಲೇ ನಿಂತು ಜಾರುತ್ತಿದ್ದರೆ ಡೈನಮೋ ಕೊಡುತ್ತಿಲ್ಲ: ಬೆಲ್ಟು ಸಡಿಲವೋ, ಕಾರ್ಬನ್ ಬ್ರಷ್ ಸವೆದಿದೆಯೋ, ರೆಗ್ಯುಲೇಟರ್ ಹೋಗಿದೆಯೋ. 15 ದಾಟಿದರೂ ರೆಗ್ಯುಲೇಟರನ್ನೇ ನೋಡಿಸಿ. ಬ್ಯಾಟರಿ ನೀರು ಕುದಿದು ಆರುತ್ತದೆ. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಳಿಸುವುದರಿಂದ ಒಂದೇ ಸಲದ ಅಂಕಿಗೆ ತೀರ್ಪು ಬೇಡ. ಎಂಜಿನ್ ಓಡುವಾಗ ಬ್ಯಾಟರಿ ವೈರು ಕಿತ್ತು ಪರೀಕ್ಷಿಸುವ ಹಳೆಯ ಚಾಳಿಯಂತೂ ಬೇಡವೇ ಬೇಡ. ವೋಲ್ಟೇಜು ಒಮ್ಮೆಲೇ ಚಿಮ್ಮಿ ಕಾರಿನ ಕಂಪ್ಯೂಟರ್ (ಇಸಿಯು) ಸುಟ್ಟರೆ ಹೊಸ ಬ್ಯಾಟರಿಗಿಂತ ದುಬಾರಿ.

ಚಾರ್ಮಾಡಿ ಘಾಟಿ ಇಳಿಯುವಾಗ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡರೆ? ಟೆಂಪರೇಚರ್ ಮುಳ್ಳು ನೋಡಿ. ಅದೂ ಏರುತ್ತಿದ್ದರೆ ಬೆಲ್ಟು ತುಂಡಾಗಿರಬಹುದು. ಅನೇಕ ಗಾಡಿಗಳಲ್ಲಿ ವಾಟರ್ ಪಂಪೂ ಅದೇ ಬೆಲ್ಟಿನದು, ಕೂಡಲೇ ಬದಿಗೆ ನಿಲ್ಲಿಸಿ. ಏರದಿದ್ದರೆ ಎಸಿ, ರೇಡಿಯೋ ಆರಿಸಿ, ಎಂಜಿನ್ ಆಫ್ ಮಾಡದೆ ಉಜಿರೆ ತಲುಪಿ.

ಇನ್ನು ಶೆಡ್ಡಿನ ಕಾರು. ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಲಾಭವಿಲ್ಲ, ಸೆಲ್ಫಿಗೆ ಖರ್ಚಾದದ್ದೂ ಸರಿಯಾಗಿ ತುಂಬುವುದಿಲ್ಲ. ವಾರಕ್ಕೊಮ್ಮೆ ಬಂಟ್ವಾಳದಿಂದ ಸಿದ್ಧಕಟ್ಟೆಯಾಗಿ ಮೂಡುಬಿದಿರೆಗೆ ಹೋಗಿ ಬನ್ನಿ. ಓಡಿಸುವವರೇ ಇಲ್ಲವಾದರೆ ಮೈನಸ್ ಬಿಚ್ಚಿಡಿ. ಗಡಿಯಾರ, ರೇಡಿಯೋ ಸೆಟ್ಟಿಂಗ್ ಅಳಿಸಿಹೋಗುತ್ತದೆ. ರಿಮೋಟೂ ಕೆಲಸ ಮಾಡುವುದಿಲ್ಲ, ಬಾಗಿಲು ತೆರೆಯುವ ಕೀ ಕೈಯಲ್ಲಿರಲಿ.