ನಾಯಕನ ಸಿಗರೇಟೂ ರೋಗಿಯ ಹಕ್ಕೂ

“ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಜನರ ಆರೋಗ್ಯಕ್ಕಾಗಿ ಶಾಸನ ಮಾಡುವ ನಾಯಕನು ತಾನೇ ಆರೋಗ್ಯದ ನಿಯಮವನ್ನು ಮೀರಿದರೆ ಅವನ ಮಾತಿಗೆ ಬೆಲೆಯುಂಟೆ? ನಮ್ಮ ಚರ್ಚಾಕೂಟದಲ್ಲಿ ಈ ವಿಷಯ ಬಂದಾಗ ನಾನು “ಇಲ್ಲ” ಎಂದು ವಾದಿಸಿದೆ, ಚಪ್ಪಾಳೆಯೂ ದೊರೆಯಿತು. ಆದರೆ ಮನೆಗೆ ಹೋದ ಮೇಲೆ ನನ್ನ ವಾದವೇ ನನ್ನನ್ನು ಕಾಡತೊಡಗಿತು. ಅದನ್ನು ಮತ್ತೊಮ್ಮೆ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನಾನು ಅಂದು ಎತ್ತಿಕೊಂಡ ಉದಾಹರಣೆ ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಅವರದು. 2009ರ ಜೂನ್ 22ರಂದು ಅವರು ತಂಬಾಕು ನಿಯಂತ್ರಣ ಶಾಸನಕ್ಕೆ ಸಹಿ ಹಾಕಿದರು. ತಾವೂ ಹದಿಹರೆಯದಲ್ಲೇ ಆ ಚಟಕ್ಕೆ ಬಿದ್ದವರೆಂದು ಅಂದೇ ಹೇಳಿದರು. ಚಟ ಬಹುಮಟ್ಟಿಗೆ ಬಿಟ್ಟಿದ್ದರೂ ಒಮ್ಮೊಮ್ಮೆ ಜಾರುವುದುಂಟೆಂದು ಮರುದಿನ ಪತ್ರಕರ್ತರ ಮುಂದೆ ಒಪ್ಪಿಕೊಂಡರು. 2010ರ ಮಾರ್ಚ್ 23ರಂದು ವೈದ್ಯವಿಮೆಯ ಸುಧಾರಣಾ ಶಾಸನಕ್ಕೂ ಸಹಿ ಹಾಕಿದರು. “ತನ್ನ ಸಿಗರೇಟನ್ನು ಆರಿಸಲಾರದವನು ದೇಶಕ್ಕೆ ಮದ್ದು ಕೊಡಬಲ್ಲನೆ?” ಎಂದು ನಾನು ಕೇಳಿದ್ದೆ.

ಆ ಮಾತಿನಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿದ್ದವು. ಹೇಗೆ ಬಾಳಬೇಕೆಂಬುದು ಒಂದು. ಕಾಯಿಲೆ ಬಿದ್ದಾಗ ವೆಚ್ಚವನ್ನು ಯಾರು ಹೊರಬೇಕೆಂಬುದು ಇನ್ನೊಂದು. ಮೊದಲನೆಯದರಲ್ಲಿ ಉಪದೇಶಕನ ನಡತೆಗೆ ಸ್ಥಾನವಿದೆ. ಎರಡನೆಯದು ಲೆಕ್ಕಕ್ಕೂ ನ್ಯಾಯಕ್ಕೂ ಸೇರಿದ್ದು. ಮೊದಲೇ ಕಾಯಿಲೆಯುಂಟೆಂಬ ಕಾರಣಕ್ಕೆ ವಿಮೆ ಕೇಳಿ ಬಂದವರನ್ನು 2014ರಿಂದ ಹಿಂದಕ್ಕೆ ಕಳಿಸಬಾರದೆಂದು 2010ರ ಶಾಸನ ವಿಧಿಸಿತು. ಇದು ನ್ಯಾಯವೋ ಅಲ್ಲವೋ ಎಂಬುದನ್ನು ಸಹಿ ಹಾಕಿದವರ ಜೇಬು ತಡಕಿ ತೀರ್ಮಾನಿಸಲಾದೀತೆ? ತಂಬಾಕು ಬಳಸುವವರಿಂದ ಒಂದೂವರೆ ಪಟ್ಟಿನವರೆಗೆ ಕಂತು ಪಡೆಯಲು ಅದೇ ಶಾಸನ ಅವಕಾಶ ಕೊಟ್ಟಿತೆಂಬುದನ್ನೂ ಗಮನಿಸಬೇಕು. ಚಟಗಾರನು ಚಟಗಾರರಿಗೆ ರಿಯಾಯಿತಿ ತೋರಲಿಲ್ಲ.

ಅವರಿಗಿಂತ ಹಿಂದಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರೂ ವಿಪರೀತ ಸಿಗರೇಟು ಸೇದುತ್ತಿದ್ದವರು. 1955ರಲ್ಲಿ ಹೃದಯಾಘಾತವಾದ ಮೇಲೆ ಬಿಟ್ಟರು. 1969ರಲ್ಲಿ ಅಧಿಕಾರದಿಂದ ಇಳಿದೊಡನೆ ಮತ್ತೆ ಹಿಡಿದರು. 1965ರ ಜುಲೈ 30ರಂದು ಅವರು ಸಹಿ ಹಾಕಿದ ಮೆಡಿಕೇರ್ ಶಾಸನ 65 ವಯಸ್ಸಾದ ವೃದ್ಧರಿಗೆ ಆಸ್ಪತ್ರೆಯ ವಿಮೆ ಒದಗಿಸಿತು. ಅವರು ಮತ್ತೆ ಸೇದಿದರೆಂದು ಯಾವ ವೃದ್ಧನ ಔಷಧವೂ ನಿಷ್ಫಲವಾಗಲಿಲ್ಲ.

ಹಾಗಾದರೆ ನಡತೆಗೆ ಬೆಲೆಯೇ ಇಲ್ಲವೆ? ಖಂಡಿತವಾಗಿ ಇದೆ. ತನ್ನ ಚಟವನ್ನು ಮುಚ್ಚಿಟ್ಟು ಪರರನ್ನು ಹಳಿಯುವವನು ಜನರ ವಿಶ್ವಾಸವನ್ನು ಕಳೆದುಕೊಳ್ಳುತ್ತಾನೆ. ವಿಶ್ವಾಸವಿಲ್ಲದೆ ಯಾವ ಸುಧಾರಣೆಯೂ ನೆಲೆನಿಲ್ಲದು. ಆದರೆ ಸೋತೆನೆಂದು ಒಪ್ಪಿಕೊಂಡು ಇತರರನ್ನು ಎಚ್ಚರಿಸುವವನು ಕಪಟಿಯಲ್ಲ.

ನನ್ನ ತಂದೆಯವರು ನಲವತ್ತು ವರ್ಷ ಬೀಡಿ ಸೇದಿದವರು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. “ನಾನು ಸೇದಿ ಕೆಟ್ಟೆ, ನೀನು ಮುಟ್ಟಬೇಡಪ್ಪ” ಎನ್ನುತ್ತಾರೆ. ಅವರು ಸೇದಿದವರೆಂದು ಆ ಮಾತು ಸುಳ್ಳಾಯಿತೆ? ರೋಗಿಯ ಪರವಾಗಿ ವಾದಿಸುವ ಹಕ್ಕು ನಿರ್ದೋಷಿಗಳಿಗೆ ಮಾತ್ರ ಎಂದರೆ, ಆಸ್ಪತ್ರೆಯ ಬಾಗಿಲೂ ನಿರ್ದೋಷಿಗಳಿಗೆ ಮಾತ್ರ ಎನ್ನಲು ಇನ್ನೆಷ್ಟು ದೂರ? ಆ ಬಾಗಿಲಲ್ಲಿ ನನ್ನ ತಂದೆಯವರನ್ನು ಯಾರಾದರೂ ತಡೆದರೆ ನಾನು ಸಹಿಸಲಾರೆ. ಆದುದರಿಂದ ಅಂದಿನ ಚಪ್ಪಾಳೆಯನ್ನು ಇಂದು ಸಹಪಾಠಿಗಳಿಗೆ ವಿನಯದಿಂದ ಹಿಂದಿರುಗಿಸುತ್ತಿದ್ದೇನೆ.